ನೂರು ಮೀಟರಿನ ಒಳಗೆ, ನೂರು ಮೀಟರಿನ ಹೊರಗೆ

ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಮತ್ತು ಮೈಸೂರು ಜಿಲ್ಲೆಯ ಸೋಮನಾಥಪುರದ ಕೇಶವ ದೇವಾಲಯಗಳು 2023ರ ಸೆಪ್ಟೆಂಬರ್ 18ರಂದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2014ರಿಂದ ತಾತ್ಕಾಲಿಕ ಪಟ್ಟಿಯಲ್ಲಿ ಕಾದಿದ್ದ ಈ ಗುಡಿಗಳಿಗೆ ಮನ್ನಣೆ ದೊರೆತಾಗ ಹಾಸನ ಜಿಲ್ಲೆಯಲ್ಲಿ ಸಂಭ್ರಮವೇನೋ ಆಯಿತು. ಆದರೆ ಗುಡಿಯಿಂದ ಊರಿಗೆ ಏನು ದಕ್ಕಬೇಕು ಎಂಬ ಪ್ರಶ್ನೆ ಪಟ್ಟಿಗಿಂತ ಬಹಳ ಹಳೆಯದು.

ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು, ಅಂದರೆ ಇಂದಿನ ಚೆನ್ನಕೇಶವನನ್ನು, ಪ್ರತಿಷ್ಠಾಪಿಸಿದಾಗ ದೇವಾಲಯದ ಖರ್ಚಿಗೆಂದು ಗ್ರಾಮಗಳನ್ನು ದತ್ತಿ ಬಿಟ್ಟನು. ಪೂಜೆ, ನೈವೇದ್ಯ, ಹೂವು, ದೀಪದೆಣ್ಣೆ, ಸಂಗೀತ, ನೃತ್ಯ ಎಲ್ಲಕ್ಕೂ ಆಳು ಬೇಕಿತ್ತು. ಬಳಪದ ಕಲ್ಲಿನ ಮದನಿಕೆಯರ ಪೀಠದಲ್ಲಿ ಹೆಸರು ಕೊರೆದು ಹೋದ ಬಳ್ಳಿಗಾವಿಯ ದಾಸೋಜನಂಥ ಶಿಲ್ಪಿಗಳಿಗೆ ದೂರದೂರದಿಂದ ಕರೆ ಹೋಗುತ್ತಿತ್ತು. ಅಂದರೆ ಗುಡಿ ಆ ಕಾಲದಲ್ಲಿ ನೋಡುವ ವಸ್ತುವಾಗಿರುವುದಕ್ಕಿಂತ ಹೆಚ್ಚಾಗಿ ದುಡಿಮೆಯ ಜಾಗವಾಗಿತ್ತು.

ಮುಂದೆ ಎರಡೂರುಗಳ ಹಾದಿ ಕವಲೊಡೆಯಿತು. ರಾಜಧಾನಿ ದೋರಸಮುದ್ರವು, ಅಂದರೆ ಇಂದಿನ ಹಳೇಬೀಡು, 1311ರಲ್ಲಿ ಮಲಿಕ್ ಕಾಫೂರನ ದಾಳಿಗೆ ಸಿಕ್ಕಿ, ಹದಿನಾಲ್ಕನೇ ಶತಮಾನದ ನಡುವಿಗೆ ಅರಸೊತ್ತಿಗೆಯೂ ಮುಗಿದು, ಕೊನೆಗೆ ಹಳೆಯ ಬೀಡು ಎಂಬ ಹೆಸರಷ್ಟೇ ಉಳಿಯಿತು. ಬೇಲೂರಿನಲ್ಲಿ ಹಾಗಾಗಲಿಲ್ಲ. ಪೂರ್ವದ ಗೋಪುರವನ್ನು ವಿಜಯನಗರದ ಇಮ್ಮಡಿ ಹರಿಹರನ ಕಾಲದಲ್ಲಿ ಮತ್ತೆ ಕಟ್ಟಲಾಯಿತು, ಪೂಜೆ ನಡೆದುಬಂತು, ಚೈತ್ರದಲ್ಲಿ ತೇರು ಇಂದಿಗೂ ಹೊರಡುತ್ತದೆ. ಒಂದು ಕಡೆ ದೇವರು, ಇನ್ನೊಂದು ಕಡೆ ಸ್ಮಾರಕ. ಈ ವ್ಯತ್ಯಾಸವನ್ನು ಮರೆತು ಎರಡಕ್ಕೂ ಒಂದೇ ಯೋಜನೆ ಹೊಲಿಯಹೊರಟರೆ ಅದು ಯಾವ ಊರಿಗೂ ಹೊಂದದು.

ಮೈಸೂರು ಸಂಸ್ಥಾನವು 1885ರಲ್ಲಿ ಪುರಾತತ್ವ ಇಲಾಖೆಯನ್ನು ತೆರೆದ ಮೇಲೆ ಈ ಗುಡಿಗಳು ಓದುವ, ಅಳೆಯುವ, ಕಾಪಾಡುವ ವಸ್ತುಗಳಾದವು, ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು 1902ರಲ್ಲಿ ಹೊರತಂದರು. ಸ್ವಾತಂತ್ರ್ಯಾನಂತರ ಬಂದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯು ರಕ್ಷಣೆಗೆ ಕಾನೂನಿನ ಬಲ ಕೊಟ್ಟಿತು. ಊರಿನ ಜನರಿಗೆ ನಿಜವಾಗಿ ಬಿಸಿ ತಟ್ಟಿದ್ದು 1992ರ ಜೂನ್ 16ರ ಅಧಿಸೂಚನೆಯಿಂದ: ಸಂರಕ್ಷಿತ ಗಡಿಯಿಂದ ನೂರು ಮೀಟರ್ ನಿಷೇಧಿತ ವಲಯ, ಅದರಾಚೆಯ ಇನ್ನೂರು ಮೀಟರ್ ನಿಯಂತ್ರಿತ ವಲಯ. 2010ರ ತಿದ್ದುಪಡಿಯು ಇದನ್ನು ಕಾಯ್ದೆಯೊಳಕ್ಕೇ ತಂದು, ಅನುಮತಿಯ ವಿಚಾರಕ್ಕೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನು ರಚಿಸಿತು. ನಿಷೇಧಿತ ವಲಯದಲ್ಲಿ ಮೊದಲೇ ಇದ್ದ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಿಸಬಹುದು, ಹೊಸದಾಗಿ ಕಟ್ಟುವಂತಿಲ್ಲ. ಈ ನಿಯಮ ಇಲ್ಲದೆ ಹೋಗಿದ್ದರೆ ಗುಡಿಯ ಪೌಳಿಗೆ ಒತ್ತಿಕೊಂಡು ನಾಲ್ಕಂತಸ್ತಿನ ಲಾಡ್ಜುಗಳು ಏಳುತ್ತಿದ್ದವು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ರಕ್ಷಣೆಯ ಭಾರವನ್ನು ಗುಡಿಯ ಸುತ್ತಲಿನ ಮನೆಯವರು ಹೊರುತ್ತಿರುವಾಗ ಲಾಭ ಬೇರೆಡೆಗೆ ಹರಿದರೆ, ಅವರಿಗೆ ಪರಂಪರೆ ಎಂಬ ಮಾತೇ ಕಹಿಯಾಗುವುದು ಸಹಜ.

ಲಾಭ ಬೇರೆಡೆಗೆ ಹರಿಯುವುದು ಪ್ರಯಾಣದ ರೀತಿಯಿಂದ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟವರು ಹಳೇಬೀಡಿನಲ್ಲಿ ಒಂದು ಗಂಟೆ, ಬೇಲೂರಿನಲ್ಲಿ ಎರಡು ಗಂಟೆ ಕಳೆದು, ಎಳನೀರು ಕುಡಿದು, ಗೈಡಿಗೆ ಒಂದಿಷ್ಟು ಕೊಟ್ಟು, ರಾತ್ರಿಗೆ ಚಿಕ್ಕಮಗಳೂರಿನ ಕಾಫಿ ತೋಟದ ಹೋಂಸ್ಟೇ ಸೇರುತ್ತಾರೆ. ತಂಗಿದ ಊರಲ್ಲಿ ತಾನೇ ಹಣ ಉಳಿಯುವುದು? ಅತ್ತ ಚಿಕ್ಕಮಗಳೂರಿಗೂ ಇದು ಪೂರ್ತಿ ಸುಖವಲ್ಲ. ಮುಳ್ಳಯ್ಯನಗಿರಿಯ ಕಿರಿದಾದ ದಾರಿಯಲ್ಲಿ ವಾಹನ ಮಿತಿಮೀರಿ, 2025ರಲ್ಲಿ ಜಿಲ್ಲಾಡಳಿತವು ಆನ್‌ಲೈನ್ ನೋಂದಣಿಯ ಮೂಲಕ ಸಂಖ್ಯೆಗೆ ಕಡಿವಾಣ ಹಾಕಬೇಕಾಯಿತು.

ಒಂದೆಡೆಯ ನೂಕುನುಗ್ಗಲನ್ನು ಹಂಚಲು ಈ ಸೀಮೆಯಲ್ಲಿ ಜಾಗಕ್ಕೇನೂ ಕೊರತೆಯಿಲ್ಲ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಬೇಲೂರಿನದಕ್ಕಿಂತಲೂ ಹಳೆಯದು. ಮೊಸಳೆ, ಕೋರವಂಗಲ, ಅರಸೀಕೆರೆ, ಹಾರನಹಳ್ಳಿ, ಬೆಳವಾಡಿ, ಅಮೃತಾಪುರಗಳಲ್ಲಿ ಒಂದೊಂದೂ ಅರ್ಧ ದಿನ ನಿಂತು ನೋಡುವಂಥ ಕೆಲಸ. ಹೊಯ್ಸಳರ ಮೂಲನೆಲೆ ಎನ್ನಲಾಗುವ ಸೊಸೆವೂರು, ಅಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಚಿಕ್ಕಮಗಳೂರಿಗೆ ಹೋಗುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದೆಂದು ಪಠ್ಯದಲ್ಲಿ ಓದುವ ಹಲ್ಮಿಡಿ ಬೇಲೂರು ತಾಲ್ಲೂಕಿನ ಹಳ್ಳಿಯೇ. ಮೂಲ ಕಲ್ಲು ಎಂದೋ ಊರು ಬಿಟ್ಟು ಸಂಗ್ರಹಾಲಯ ಸೇರಿದೆ, ಊರಲ್ಲಿರುವುದು ಅದರ ಪ್ರತಿಕೃತಿ.