ಅಂದಾಜು ಎಂದರೆ ಊಹೆಯಲ್ಲ

ಸೋಮವಾರಪೇಟೆ ಕಡೆ ಮನೆ ಕಟ್ಟಿಸಲು ಹೊರಟ ಪರಿಚಯದವರೊಬ್ಬರು ಕಳೆದ ವಾರ ಒಂದು ಹಾಳೆ ತಂದು ಕೊಟ್ಟರು. ತಲೆಬರಹ ‘ಅಂದಾಜು ಪಟ್ಟಿ’. ಕೆಳಗೆ ಒಂದೇ ಸಾಲು: ‘12 ಚದರ, ಅಂದಾಜು ಸುಮಾರು 30 ಲಕ್ಷ.’ ಪಟ್ಟಿ ಎಲ್ಲಿ ಎಂದು ಗುತ್ತಿಗೆದಾರರಿಗೆ ಫೋನ್ ಮಾಡಿದರೆ, “ಅಂದಾಜು ಅಲ್ವಾ ಸಾರ್, ಇನ್ನೇನಿರುತ್ತೆ?” ಎಂದರು. ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಫಾರ್ಸಿಯ ‘ಅಂದಾಜಾ’ ಎಂದರೆ ಅಳತೆ. ಇಂದಿಗೂ ಇರಾನಿನಲ್ಲಿ ಅಂಗಿಯ ಸೈಜಿಗೆ ಇದೇ ಪದ. ಇದರ ಹಳೆಯ ರೂಪ ಅರಬ್ಬಿಗೆ ಹೋಗಿ ‘ಹಂದಸಾ’ ಆಯಿತು. ರೇಖಾಗಣಿತಕ್ಕೂ ಇಂಜಿನಿಯರಿಂಗ್‌ಗೂ ಅಲ್ಲಿ ಅದೇ ಹೆಸರು. ‘ಮುಹಂದಿಸ್’ ಎಂದರೆ ಇಂಜಿನಿಯರ್. ಗಲ್ಫಿನ ಸೈಟುಗಳಲ್ಲಿ ದುಡಿದು ಬಂದ ವಿರಾಜಪೇಟೆಯ ಹುಡುಗರನ್ನು ಕೇಳಿದರೆ ಹೇಳುತ್ತಾರೆ. ಅಂದರೆ ಅಲ್ಲಿ ಇಂಜಿನಿಯರನ ಹೆಸರಾದ ಪದ ಇಲ್ಲಿ ಅಳೆಯದೆ ಹೇಳುವ ಮಾತಿಗೆ ಬಿದ್ದಿದೆ. ಪಕ್ಕದ ‘ಸುಮಾರು’ ಕೂಡ ಫಾರ್ಸಿಯದೇ, ‘ಶುಮಾರ್’, ಎಣಿಕೆ. ‘ಅಂದಾಜು ಸುಮಾರು’ ಎಂದು ಬರೆದವರು ಅಳತೆ, ಎಣಿಕೆ ಎರಡನ್ನೂ ಹೆಸರಿಸಿ ಎರಡನ್ನೂ ಮಾಡಿಲ್ಲ! ಅಳೆಯದೆ ಹೇಳುವುದಕ್ಕೆ ನಮ್ಮಲ್ಲಿ ‘ಕಣ್ಣಂದಾಜು’ ಎಂಬ ಚಂದದ ಪದವೇ ಇದೆ. ಅದನ್ನು ಬಳಸಲಿ, ಯಾರು ಬೇಡ ಅಂದರು?

ಚದರಕ್ಕೆ, ಅಂದರೆ ನೂರು ಚದರ ಅಡಿಗೆ, ಇಷ್ಟು ಎಂದು ಗುಣಿಸುವುದು ಸ್ಥೂಲ ಅಂದಾಜು. ಮನೆ ಕಟ್ಟಬೇಕೋ ಬೇಡವೋ ಎಂದು ಯೋಚಿಸುವಾಗ ಅದು ಸಾಕು. ಕೆಲಸ ನಡೆಸಲು ಬೇಕಾದದ್ದು ವಿವರ ಅಂದಾಜು: ಅಗೆತ, ಕಾಂಕ್ರೀಟು ಘನ ಮೀಟರಿನಲ್ಲಿ, ಗಾರೆ ಚದರ ಮೀಟರಿನಲ್ಲಿ, ಕಬ್ಬಿಣ ಕಿಲೋದಲ್ಲಿ, ಪ್ರತಿ ಸಾಲಿಗೂ ಪ್ರಮಾಣ, ದರ, ಮೊತ್ತ. ಸಾಮಾನು ತರಿಸುವುದು, ಬಿಲ್ಲು ತಾಳೆ ನೋಡುವುದು ಎಲ್ಲ ಇದರ ಮೇಲೆಯೇ.

ಬಯಲುಸೀಮೆಯಲ್ಲಿ ಚದರದ ಲೆಕ್ಕ ಒಂದಿಷ್ಟು ದೂರ ನಡೆದೀತು. ಮಡಿಕೇರಿಯ ಇಳಿಜಾರಿನಲ್ಲಿ ನಡೆಯದು. ಅದೇ 12 ಚದರಕ್ಕೆ ಇಲ್ಲಿ ಮೊದಲು ಬರೆ, ಅಂದರೆ ಇಳಿಜಾರಿನ ಮಣ್ಣಿನ ದಿಬ್ಬ, ಕಡಿಯಬೇಕು. 100 ಘನ ಮೀಟರ್ ಅಗೆದರೆ ಮಣ್ಣು ಸಡಿಲಗೊಂಡು 120-130 ಆಗುತ್ತದೆ. ಟಿಪ್ಪರ್ ಬಾಡಿಗೆ ಉಬ್ಬಿದ ಮಣ್ಣಿಗೆ. ಆಮೇಲೆ ತಡೆಗೋಡೆ. 10 ಮೀಟರ್ ಉದ್ದ, 2 ಮೀಟರ್ ಎತ್ತರ, ಸರಾಸರಿ ಅರ್ಧ ಮೀಟರ್ ದಪ್ಪ ಎಂದರೆ ಅದೊಂದೇ 10 ಘನ ಮೀಟರ್. ಚದರದ ದರದಲ್ಲಿ ಇದಕ್ಕೆ ಜಾಗವೇ ಇಲ್ಲ. 2018ರ ಆಗಸ್ಟ್‌ನ ಭೂಕುಸಿತ ಕಂಡ ಕೊಡಗು ಜಿಲ್ಲೆಯಲ್ಲಿ ತಡೆಗೋಡೆಯನ್ನು ‘ಆಮೇಲೆ ನೋಡೋಣ’ ಅನ್ನುವವರ ಧೈರ್ಯಕ್ಕೆ ಏನೆನ್ನಲಿ.

ಕಾಲದ ಅಂದಾಜನ್ನಂತೂ ಯಾರೂ ಬರೆಯುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಬಿಸಿಲು ಬಂತು ಎನ್ನುವಾಗ ಕಾಫಿ ಕುಯ್ಲು. ಸುಗ್ಗಿಯ ಹಬ್ಬ ಹುತ್ತರಿ ಕಳೆಯುವಷ್ಟರಲ್ಲಿ ಆಳುಗಳೆಲ್ಲ ತೋಟದಲ್ಲಿ. ‘ಆರು ತಿಂಗಳಲ್ಲಿ ಮುಗಿಸ್ತೀವಿ’ ಎಂದರೆ ಯಾವ ಆರು ತಿಂಗಳು ಎಂದು ಕೇಳಬೇಕು.

ಹಾಳೆಯನ್ನು ವಾಪಸ್ ಕಳಿಸಿ, ಪ್ರಮಾಣ ಬರೆಸಿ ತನ್ನಿ ಎಂದೆ. ನಿನ್ನೆ ಬಂತು. ಎರಡನೆಯ ಸಾಲೊಂದು ಸೇರಿದೆ: ‘ತಡೆಗೋಡೆ, ಅಂದಾಜು ಬೇರೆ.’