ಬೆದರಿಸಿದರೆ 14 ವರ್ಷ, ಕದ್ದು ಚಿತ್ರೀಕರಿಸಿದರೆ 2 ವರ್ಷ

ಖಾಸಗಿ ವಿಡಿಯೊ ತೋರಿಸಿ ಹಣ ಕೇಳುವವನು ಎರಡು ಅಪರಾಧ ಮಾಡಿರುತ್ತಾನೆ. ಕದ್ದು ಚಿತ್ರೀಕರಿಸಿದ್ದು ಒಂದು, ಅದನ್ನಿಟ್ಟುಕೊಂಡು ಬೆದರಿಸಿದ್ದು ಇನ್ನೊಂದು. ನೊಂದವರಿಗೆ ಎರಡೂ ಒಂದೇ. ಶಿಕ್ಷೆಯ ಲೆಕ್ಕದಲ್ಲಿ ಮಾತ್ರ ಇವು ಒಂದಕ್ಕೊಂದು ದೂರ. ಇಂಗ್ಲೆಂಡಿನಲ್ಲಿ ಬೆದರಿಸಿದ್ದಕ್ಕೆ ಗರಿಷ್ಠ 14 ವರ್ಷ, ಕದ್ದು ಚಿತ್ರೀಕರಿಸಿದ್ದಕ್ಕೆ 2. ಯಾಕೆ ಹೀಗೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

18ನೇ ಶತಮಾನದ ಇಂಗ್ಲೆಂಡಿನಲ್ಲಿ ಗಂಡಸರ ನಡುವಿನ ಲೈಂಗಿಕ ಸಂಬಂಧಕ್ಕೆ ಗಲ್ಲು ಶಿಕ್ಷೆ ಇತ್ತು. 'ನಿನ್ನ ಮೇಲೆ ಆ ಆರೋಪ ಹೊರಿಸುತ್ತೇನೆ' ಎಂದು ಹೆದರಿಸಿ ದುಡ್ಡು ಕಿತ್ತರೆ, ಆ ಶತಮಾನದ ಕೊನೆಯ ಹೊತ್ತಿಗೆ ಕೋರ್ಟುಗಳು ಅದನ್ನು ದರೋಡೆ ಅಂತಲೇ ಕಂಡವು. ದರೋಡೆಗೂ ಗಲ್ಲೇ. ಚಾಕು ಇಲ್ಲ, ಹೊಡೆತ ಇಲ್ಲ, ಮಾನ ಹೋಗುವ ಭಯ ಇದ್ದರೆ ಸಾಕಿತ್ತು. ಮುಂದೆ 1968ರ ಥೆಫ್ಟ್ ಆ್ಯಕ್ಟ್ ಬ್ಲ್ಯಾಕ್‌ಮೇಲ್‌ಗೆ ಗರಿಷ್ಠ 14 ವರ್ಷ ಜೈಲು ನಿಗದಿ ಮಾಡಿತು. ಆದರೆ ಅದು ಕಳ್ಳತನದ ಕಾಯ್ದೆ ಅಲ್ವಾ? ಹಾಗಾಗಿ ಹಣ ಅಥವಾ ಆಸ್ತಿಯ ಲಾಭ-ನಷ್ಟ ಇದ್ದರಷ್ಟೇ ಕೇಸು. 'ಇನ್ನೊಂದು ಫೋಟೊ ಕಳಿಸು' ಎಂದು ಪೀಡಿಸಿದರೆ ಬೇರೆ ಕಲಂ ಹುಡುಕಬೇಕು.

ಅಲ್ಲಿ ಕದ್ದು ನೋಡುವುದಕ್ಕೆ, ಚಿತ್ರೀಕರಿಸುವುದಕ್ಕೆ ಪ್ರತ್ಯೇಕ ಕಲಂ ಬಂದಿದ್ದೇ 2003ರ ಕಾಯ್ದೆಯಲ್ಲಿ. ಗರಿಷ್ಠ 2 ವರ್ಷ. ಒಪ್ಪಿಗೆ ಇಲ್ಲದೆ ಹಂಚುವುದು 2015ರಲ್ಲಿ ಸೇರಿತು, ಅದಕ್ಕೂ 2 ವರ್ಷ. ತಮಾಷೆ ನೋಡಿ, ಹಂಚಿದರೆ ಅಪರಾಧ, 'ಹಂಚುತ್ತೇನೆ' ಎಂದು ಹೆದರಿಸಿದರೆ ಆ ಕಲಂ ಸುಮ್ನೆ ಕೂತಿರುತ್ತಿತ್ತು. ಆ ತೂತು ಮುಚ್ಚಿದ್ದು 2021ರ ಕಾಯ್ದೆ.

ಭಾರತದಲ್ಲೂ 1860ರ ಐಪಿಸಿ ಪ್ರಕಾರ ಸುಲಿಗೆ ಎಂದರೆ ಆಸ್ತಿಯ ವಿಷಯ. ಗರಿಷ್ಠ 3 ವರ್ಷ. ಆದರೆ ಹೆಣ್ಣಿನ ಶೀಲಕ್ಕೆ ಕಳಂಕ ಹಚ್ಚುವುದಾಗಿ ಬೆದರಿಸಿದರೆ 7 ವರ್ಷದವರೆಗೆ! ಕಾಯ್ದೆ ಬರೆದವರಿಗೆ ಅವಳ ಹೆಸರು ಕೆಡುವುದೇ ದೊಡ್ಡ ಚಿಂತೆಯಾಗಿತ್ತು ಅಂತ ಕಾಣುತ್ತದೆ. ಅನುಮತಿ ಇಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆದರೆ ಶಿಕ್ಷೆ ಎಂದು ನೇರವಾಗಿ ಹೇಳಿದ್ದು 2008ರಲ್ಲಿ ಐಟಿ ಕಾಯ್ದೆಗೆ ಸೇರಿದ 66ಇ ಕಲಂ. 2012ರ ದೆಹಲಿ ಅತ್ಯಾಚಾರ ಪ್ರಕರಣ, ಅದರ ಬೆನ್ನಿಗೇ ಬಂದ ನ್ಯಾಯಮೂರ್ತಿ ವರ್ಮಾ ಸಮಿತಿ ವರದಿ, ಇವೆರಡರ ನಂತರ 2013ರಲ್ಲಿ ಐಪಿಸಿಗೆ 354ಸಿ ಸೇರಿತು. ಹೆಣ್ಣನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಅಪರಾಧ ಎನ್ನುವ ಕಲಂ ಅದು. ಮೊದಲ ಸಲ 1ರಿಂದ 3 ವರ್ಷ, ಮತ್ತೆ ಮಾಡಿದರೆ 3ರಿಂದ 7. ಚಿತ್ರ ತೆಗೆಯಲು ಒಪ್ಪಿದ್ದಳು ಎಂದ ಮಾತ್ರಕ್ಕೆ ಅದನ್ನು ಹಂಚಲೂ ಒಪ್ಪಿದ್ದಳು ಎಂದಲ್ಲ ಅನ್ನುವ ವಿವರಣೆಯೂ ಅದರಲ್ಲಿದೆ. ಇದು ಬಹಳ ಮುಖ್ಯ. ಎಷ್ಟೋ ಪ್ರಕರಣಗಳಲ್ಲಿ ಹೆದರಿಸುವವನು ಹಳೇ ಪ್ರೇಮಿಯೇ ಆಗಿರುತ್ತಾನೆ.

2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಸುಲಿಗೆಯ ಗರಿಷ್ಠ ಶಿಕ್ಷೆ 3 ವರ್ಷ ಇದ್ದದ್ದು 7 ವರ್ಷಕ್ಕೆ ಏರಿತು. ಕದ್ದು ಚಿತ್ರೀಕರಿಸುವುದಕ್ಕೆ ಕಲಂ ಸಂಖ್ಯೆ 77 ಆಯಿತು, ಶಿಕ್ಷೆ ಇದ್ದ ಹಾಗೆಯೇ ಉಳಿಯಿತು. ಮೊದಲ ಸಲವಾದರೆ ಈಗಲೂ ಜಾಮೀನು ಕೊಡಲೇಬೇಕಾದ ಅಪರಾಧ. ಅಂತರ ಕಡಿಮೆಯಾಗುವ ಬದಲು ಜಾಸ್ತಿಯಾಯಿತು.

ದಕ್ಷಿಣ ಕೊರಿಯಾ ಬೇರೆ ದಾರಿ ಹಿಡಿಯಿತು. ಟೆಲಿಗ್ರಾಂ ಗುಂಪುಗಳಲ್ಲಿ ಯುವತಿಯರನ್ನು, ಬಾಲಕಿಯರನ್ನೂ ಬೆದರಿಸಿ ವಿಡಿಯೊ ಮಾಡಿಸಿ ಮಾರುತ್ತಿದ್ದ ಜಾಲವೊಂದು 2020ರಲ್ಲಿ ದೊಡ್ಡ ಸುದ್ದಿಯಾಯಿತು. ಅದರ ಮುಖ್ಯಸ್ಥನಿಗೆ ಮರುವರ್ಷ ಸುಪ್ರೀಂ ಕೋರ್ಟ್ 42 ವರ್ಷದ ಶಿಕ್ಷೆ ಖಾಯಂ ಮಾಡಿತು. ಬಾಲಕಿಯರ ಮೇಲಿನ ದೌರ್ಜನ್ಯ, ಅಪರಾಧ ಸಂಘಟನೆ ಕಟ್ಟಿದ ಆರೋಪ ಎಲ್ಲ ಸೇರಿದ್ದರಿಂದಲೇ ಲೆಕ್ಕ ಅಷ್ಟು ಏರಿದ್ದು. ಕಾಯ್ದೆಯೂ 2020ರಲ್ಲೇ ಬದಲಾಯಿತು. ಖಾಸಗಿ ಚಿತ್ರ ಇಟ್ಟುಕೊಂಡು ಬೆದರಿಸಿದರೆ ಕನಿಷ್ಠ 1 ವರ್ಷ. ಆ ಬೆದರಿಕೆಯಿಂದ ಬಲವಂತವಾಗಿ ಏನಾದರೂ ಮಾಡಿಸಿದರೆ ಕನಿಷ್ಠ 3 ವರ್ಷ. ಹಣ ಕೇಳಿದನೋ ಇಲ್ಲವೋ ಎಂಬ ಪ್ರಶ್ನೆಯೇ ಆ ಕಲಮಿನಲ್ಲಿಲ್ಲ.