‘ಕ್ಷೇಮ’ ಎಂದರೆ ಏನು? ಸಕಾರಾತ್ಮಕ ಮನೋವಿಜ್ಞಾನದ ಟಿಪ್ಪಣಿ

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮಗೆ ಮನೋವಿಜ್ಞಾನದ ಪುಸ್ತಕಗಳು ಸಿಗುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅಲ್ಲಿನ ‘ವೆಲ್‌ಬೀಯಿಂಗ್’ ಪದವನ್ನು ‘ಸಂತೋಷ’ ಎಂದು ಬರೆದುಕೊಂಡರೆ ಪಾಠವೇ ದಾರಿ ತಪ್ಪುತ್ತದೆ. ನನ್ನ ಅಜ್ಜ ಬರೆದ ಕಾಗದಗಳೆಲ್ಲ ‘ಇಲ್ಲಿ ನಾವೆಲ್ಲರೂ ಕ್ಷೇಮ’ ಎಂದೇ ಶುರುವಾಗುತ್ತವೆ. ಕೊಳೆರೋಗಕ್ಕೆ ಎಳೆ ಅಡಿಕೆ ಉದುರಿ ತೋಟದ ತುಂಬ ಹರಡಿದ ವರ್ಷದ ಕಾಗದದಲ್ಲೂ ಅದೇ ಸಾಲಿದೆ. ಆ ವರ್ಷ ಮನೆಯಲ್ಲಿ ಸಂತೋಷವಿರಲಿಲ್ಲ, ಆದರೂ ಅಜ್ಜ ಸುಳ್ಳು ಬರೆದಿರಲಿಲ್ಲ. ನಮಗೆ ಬೇಕಾದ ಪದ ಇದೇ.

1998ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್‌ಮನ್, ಮನಸ್ಸಿನ ಕಾಯಿಲೆಯನ್ನಷ್ಟೇ ಅಲ್ಲ, ಚೆನ್ನಾಗಿ ಬಾಳುವ ಬಗೆಯನ್ನೂ ಶಾಸ್ತ್ರೀಯವಾಗಿ ಅಧ್ಯಯನ ಮಾಡಬೇಕೆಂದರು. ಸಕಾರಾತ್ಮಕ ಮನೋವಿಜ್ಞಾನ ಎಂಬ ಶಾಖೆಗೆ ಬಲ ಬಂದದ್ದು ಅಲ್ಲಿಂದ.

ಅಳೆಯುವುದು ಹೇಗೆ? ಮನೋವಿಜ್ಞಾನಿ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಕೊಟ್ಟ, ಬದುಕಿನ ಬಗೆಗಿನ ತೃಪ್ತಿಯನ್ನು ಅಳೆಯುವ ಮಾಪಕದಲ್ಲಿ ಐದೇ ಹೇಳಿಕೆಗಳು. ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ, ಒಟ್ಟು 5ರಿಂದ 35. ಬದುಕಿಗೆ ಅಂಕ ಹಾಕುವವರು ಬದುಕುವವರೇ. ಇನ್ನೊಬ್ಬ ಮನೋವಿಜ್ಞಾನಿ ಕ್ಯಾರಲ್ ರಿಫ್‌ಗೆ ತೃಪ್ತಿಯೊಂದೇ ಸಾಲದೆನಿಸಿತು. ಅವರು 1989ರಲ್ಲಿ ತನ್ನನ್ನು ತಾನು ಒಪ್ಪಿಕೊಳ್ಳುವುದು, ಇತರರೊಂದಿಗೆ ಒಳ್ಳೆಯ ಸಂಬಂಧ, ಸ್ವಾಯತ್ತತೆ, ಪರಿಸರವನ್ನು ನಿಭಾಯಿಸುವ ಶಕ್ತಿ, ಗುರಿ, ಬೆಳವಣಿಗೆ ಎಂಬ ಆರು ಮುಖಗಳನ್ನು ಮುಂದಿಟ್ಟರು. ಅಜ್ಜನ ‘ಕ್ಷೇಮ’ ರಿಫ್‌ಗೆ ಹತ್ತಿರ ಎಂದು ನನಗೆ ಅನಿಸುತ್ತದೆ.

ಈ ಶಾಖೆಯಲ್ಲಿ ಎಡವಿದ್ದೂ ಉಂಟು. ಒಳ್ಳೆಯ ಮತ್ತು ಕೆಟ್ಟ ಭಾವನೆಗಳ ಅನುಪಾತ 2.9013ನ್ನು ದಾಟಿದರೆ ಬದುಕು ಅರಳುತ್ತದೆ ಎಂಬ ಲೆಕ್ಕದ ಗಣಿತ ತಪ್ಪೆಂದು 2013ರಲ್ಲಿ ತೋರಿಸಲಾಯಿತು. ಹಳೆಯ ಟಿಪ್ಪಣಿಗಳಲ್ಲಿ ಅದು ಕಂಡರೆ ಹೊಡೆದುಹಾಕಿ.

ಮಾಡುವ ಕೆಲಸದಲ್ಲಿ ಪೂರ್ತಿ ಮುಳುಗಿಹೋಗುವ ಸ್ಥಿತಿಗೆ ಮನೋವಿಜ್ಞಾನಿ ಚಿಕ್‌ಸೆಂಟ್‌ಮಿಹಾಯ್ ‘ಫ್ಲೋ’ ಎಂದರು; ಅದನ್ನು ನಾನು ‘ತಲ್ಲೀನತೆ’ ಎನ್ನುತ್ತೇನೆ. ಸವಾಲು ಕೌಶಲಕ್ಕೆ ಸರಿಸಾಟಿಯಾಗಿರಬೇಕು, ಗುರಿ ಸ್ಪಷ್ಟವಿರಬೇಕು, ಪ್ರತಿಕ್ರಿಯೆ ಆಗಿಂದಾಗಲೇ ಸಿಗಬೇಕು. ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನವಾದ ನಮ್ಮೂರಿನ ತಾಳಮದ್ದಳೆಯನ್ನು ನೆನೆಯಿರಿ. ಭಾಗವತರ ಪದ ಮುಗಿಯುತ್ತದೆ, ಎದುರಿನ ಅರ್ಥಧಾರಿ ಕೃಷ್ಣನಾಗಿ ಒಂದು ಪ್ರಶ್ನೆ ಎಸೆಯುತ್ತಾರೆ. ಕೌರವನ ಅರ್ಥ ಹೇಳುವವರ ಬಳಿ ಬರೆದಿಟ್ಟ ಮಾತಿಲ್ಲ. ಎದುರಾಳಿ ತೀರಾ ಎಳಬನಾದರೆ ಬೇಸರ, ತೀರಾ ಪ್ರಚಂಡನಾದರೆ ಗಾಬರಿ. ಸಮಬಲರಾದರೆ ಮಾತ್ರ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಮ್ಮೆ ಪ್ರಸಂಗ ಮುಗಿದು ಶಾಲು ಮಡಚುತ್ತಿದ್ದ ಹಿರಿಯರೊಬ್ಬರನ್ನು, ಆ ಸಂವಾದದ ನಡುವೆ ಖುಷಿಯಾಗಿತ್ತೇ ಎಂದು ಕೇಳಿದೆ. “ಆಗ ನಾನು ಕೌರವ. ಖುಷಿಯಾದದ್ದು ಈಗ” ಎಂದರು. ತಲ್ಲೀನತೆಯ ಲಕ್ಷಣ ಬರೆಯುವಾಗ ನಾನು ಈ ಮಾತನ್ನೇ ಉದಾಹರಣೆಯಾಗಿ ಕೊಡುತ್ತೇನೆ.